ಅಮ್ಮನಿಗೊಂದಿಷ್ಟು ಮಣ್ಣು

ಹಾರೆ ಠಣ್ಣೆಂದು ಪುಟಿಯಿತು. ಶವದ ಪೆಟ್ಟಿಗೆ ಮಾಡಿಕೊಟ್ಟ ಬಡಗಿಯೇ ಗುಂಡಿಯನ್ನೂ ತೋಡುತ್ತಿದ್ದ. "ಇದೇನು ಮಣ್ಣೋ, ಕಲ್ಲುಚಪ್ಪಡಿಯೋ!" ಎಂದು ಕೈ ಕೊಡವಿದ. ಉಪ್ಪು ಕಟ್ಟಿ ಬೆಳ್ಳಗಾದ ಹೊಲದ ಮೇಲ್ಪದರ ಒಡೆದರೆ ಕೆಳಗೆ ಕಪ್ಪು ಕೆಸರು. ಮೊಣಕಾಲುದ್ದ ತೋಡುವಷ್ಟರಲ್ಲಿ ಗಬ್ಬು ನೀರು ಜಿನುಗಿತು. ಬಂದವರೆಲ್ಲ ಮೂಗು ಮುಚ್ಚಿಕೊಂಡರು. ಸತ್ತವಳ ಮಗಳು ಮಾತ್ರ ಮುಚ್ಚಿಕೊಳ್ಳಲಿಲ್ಲ.

"ಇಲ್ಲಿ ಬೇಡ ಬಿಡಮ್ಮಾ. ಅತ್ತಿಗೇನ ಪೇಟೆ ಸ್ಮಶಾನಕ್ಕೆ ಒಯ್ಯೋಣ," ಎಂದರು ಚಿಕ್ಕಪ್ಪ, ಕಾಲುವೆ ಸಂಘದ ಅಧ್ಯಕ್ಷರು, ಮೂಗಿಗೆ ಹಿಡಿದ ಬಟ್ಟೆ ತೆಗೆಯದೆಯೇ.

* * *

ಪೇಟೆಯ ಕೊಳಚೆಯನ್ನು ಕಾಲುವೆಗೆ ತಿರುಗಿಸಿದವರೇ ಅವರು. ಮೊದಲ ಬೆಳೆಗೆ ಅಮ್ಮನ ಈ ಹೊಲದಲ್ಲಿ ಸೊಪ್ಪು ಸೊಂಟದೆತ್ತರ ಬಂತು. "ಗೊಬ್ಬರದ ಗೊಡವೆಯೇ ಇಲ್ಲ ಕಣೇ," ಎಂದು ಅಮ್ಮ ಮಡಿಲ ತುಂಬ ಕಿತ್ತು ನಕ್ಕಿದ್ದಳು. ಆಮೇಲೆ ಬಣ್ಣದ ಕಾರ್ಖಾನೆಯ ನೀರೂ ಅದರಲ್ಲೇ ಹರಿಯಿತು. ವರ್ಷದಿಂದ ವರ್ಷಕ್ಕೆ ನೆಲ ಬಿಗಿಯಿತು. ಮೊಳೆತ ಸಸಿಯ ಎಲೆ ಅಂಚಿನಿಂದಲೇ ಸುಟ್ಟುಕೊಂಡಿತು. ಹೊಲಕ್ಕೆ ನೀರು ಬಿಡುವ ಕಾಲುವೆಯ ತೂಬು ಮುಚ್ಚಿಸು ಎಂದು ಕೇಳಲು ಅಮ್ಮ ಮೈದುನನ ಮನೆಗೆ ಹೋದಳು.

"ಪೇಟೆ ನೀರು ಎಲ್ಲಾದ್ರೂ ಹರೀಬೇಕಲ್ಲ ಅತ್ತಿಗೆ?"

"ನಿನ್ನ ಹೊಲಕ್ಕೆ ಹರಿಸ್ಕೋ."

ಆತನ ಹೊಲ ದಿಬ್ಬದ ಮೇಲಿತ್ತು. ಅದಕ್ಕೆ ಬಾವಿಯ ನೀರು.

ಅಂದಿನಿಂದ ಅಮ್ಮ ಬುಟ್ಟಿಯಲ್ಲಿ ಮಣ್ಣು ಹೊತ್ತು ತೂಬಿಗೆ ಒಡ್ಡು ಕಟ್ಟುವುದು, ಆತ ಆಳು ಕಳಿಸಿ ಒಡೆಸುವುದು. ನಿನ್ನೆ ಬೆಳಿಗ್ಗೆ ಆ ಒಡ್ಡಿನ ಮೇಲೆಯೇ ಎದೆ ಹಿಡಿದು ಕುಸಿದವಳು ಮತ್ತೆ ಏಳಲಿಲ್ಲ.

* * *

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ," ನೆರೆಮನೆಯ ಅಜ್ಜಿ ಕಣ್ಣೊರೆಸಿಕೊಂಡಳು. "ಈ ಗಟ್ಟಿಗಿತ್ತಿಗೆ ಬಾಯಿಗೂ ಕೆಸರೇ ಬಂತು."

"ಹಣೆಬರಹ," ಎಂದರು ಚಿಕ್ಕಪ್ಪ.

ಮಗಳ ಮೈ ಉರಿದುಹೋಯಿತು. "ಹಣೆಬರಹ ಅಲ್ಲ ಚಿಕ್ಕಪ್ಪ, ನಿಮ್ಮ ಕೈಬರಹ! ತೂಬಿನ ಬೀಗದ ಕೈ ಯಾರ ಸೊಂಟದಲ್ಲಿದೆ?"

ಅವರ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು.

"ಪೆಟ್ಟಿಗೆ ಎತ್ತಿ," ಎಂದಳು ಮಗಳು. "ದಿಬ್ಬದ ಮೇಲಿನ ಹೊಲಕ್ಕೆ."

"ಅಲ್ಲಿ ಬೆಳೆ ನಿಂತಿದೆ ಕಣಮ್ಮಾ!"

"ನಿಲ್ಲದೆ ಏನು? ಪಾಲಾಗೋ ಮುಂಚೆ ಅಮ್ಮನೇ ಹದ ಮಾಡಿದ ನೆಲ ಅದು. ಅವಳಿಗೆ ಆರಡಿ ಕೊಡೋಕಾಗಲ್ವಾ?"

ಯಾರೂ ಅಧ್ಯಕ್ಷರ ಮುಖ ನೋಡಲಿಲ್ಲ. ಬಡಗಿ ಮೊದಲು ಹೆಗಲು ಕೊಟ್ಟ. ದಿಬ್ಬದ ದಾರಿಯಲ್ಲಿ ಚಿಕ್ಕಪ್ಪ ಅಡ್ಡ ನಿಂತರು. ಪೆಟ್ಟಿಗೆ ಎದೆಗೆ ತಾಗುವಷ್ಟು ಹತ್ತಿರ ಬಂದಾಗ ಪಕ್ಕಕ್ಕೆ ಸರಿದರು.

ಹಸಿರು ಸಾಲಿನ ನಡುವೆ ಮಗಳೇ ಗುದ್ದಲಿ ಹಾಕಿದಳು. ಒಂದೇ ಏಟಿಗೆ ಅಲಗು ಪೂರ್ತಿ ಮುಳುಗಿತು. ಮಗುಚಿದ ಕರಿಹೆಂಟೆ ತಾನಾಗಿ ಪುಡಿಯಾಯಿತು. ಅದರೊಳಗಿಂದ ದಪ್ಪ ಎರೆಹುಳುವೊಂದು ಬಿಸಿಲಿಗೆ ಹೊರಳಿ, ಮತ್ತೆ ಮಣ್ಣೊಳಗೆ ನುಸುಳಿತು.