ಹೊನ್ನವ್ವನ ಫ್ಲಾಪಿ

ತೊಂಬತ್ತೈದರ ಸುಮಾರಿಗೆ ರಾಣೆಬೆನ್ನೂರಿನ ನಾಗಪ್ಪನ ಪ್ರೆಸ್ಸಿಗೆ ಕಂಪ್ಯೂಟರ್ ಬಂತು, ಜೊತೆಗೆ ಹೊಸ ತಲೆನೋವೂ ಬಂತು. ಹಾವೇರಿಯ ಪ್ರೆಸ್ಸಿನವರು ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್ ಒಂದಾದರೆ ಬ್ಯಾಡಗಿಯವರದು ಇನ್ನೊಂದು. ಒಂದರಲ್ಲಿ ಮಾಡಿ ಫ್ಲಾಪಿಗೆ ತುಂಬಿ ಕಳಿಸಿದ ಫೈಲನ್ನು ಇನ್ನೊಂದರಲ್ಲಿ ತೆರೆದರೆ ಪರದೆ ತುಂಬ ಕಾಗೆಕಾಲು ಗುಬ್ಬಿಕಾಲು. ಯಾವ ಫೈಲು ಯಾವುದರದೆಂದು ತಾನೇ ಗುರುತು ಹಿಡಿದು ಓದುವ ಪ್ರೋಗ್ರಾಮ್ ಬರೆದವಳು ನಾಗಪ್ಪನ ಪ್ರೆಸ್ಸಿನ ಆಪರೇಟರ್ ಹೊನ್ನವ್ವ. ಲಗ್ನಪತ್ರಿಕೆಯ ನೆತ್ತಿಯ ಮೇಲೆ ಮನೆದೇವರ ಹೆಸರು, ಅದರ ಮುಂದೆ 'ಪ್ರಸನ್ನ' ಇದ್ದೇ ಇರುತ್ತದಲ್ಲ. ಯಾವ ಸಾಫ್ಟ್‌ವೇರಿನ ಲೆಕ್ಕದಲ್ಲಿ ಓದಿದಾಗ ಆ 'ಪ್ರಸನ್ನ' ಸಿಕ್ಕಿತೋ, ಫೈಲು ಅದರದು.

ಪ್ರೋಗ್ರಾಮ್ ಓಡಿದ್ದೇ ತಡ, ನಾಗಪ್ಪ ಅದಕ್ಕೆ ಅಳಿಯ ಸೋಮಣ್ಣನ ಹೆಸರು ಹಾಕಿದ. "ಇನ್ನ ನೀ ಬರೂದು ಬ್ಯಾಡವಾ" ಎಂದು ಹೊನ್ನವ್ವನನ್ನು ಮನೆಗೂ ಕಳಿಸಿದ. ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅತ್ತು ಸುಮ್ಮನಾಗುವ ಪೈಕಿ ಅವಳಲ್ಲ. ಬ್ಯಾಡಗಿಯ ದಾದಾಪೀರನ ಪ್ರೆಸ್ ಸೇರಿದಳು, ಹಲ್ಲು ಕಚ್ಚಿ ಕೂತು, 'ಪ್ರಸನ್ನ' ಇಲ್ಲದ ಫೈಲನ್ನೂ ಓದುವ ಹಾಗೆ ಇನ್ನೊಂದು ಪ್ರೋಗ್ರಾಮ್ ಬರೆದಳು.

ನಾಗಪ್ಪ ಹಾವೇರಿಯಲ್ಲಿ ಪ್ರೆಸ್ ಮಾಲಕರನ್ನೆಲ್ಲ ಕೂಡಿಸಿ, ಅಳಿಯನ ಪ್ರೋಗ್ರಾಮ್ ಮಾರಲು ನಿಂತ ದಿನ ಹೊನ್ನವ್ವನೂ ಹೋದಳು.

"ಯಾವ ಫ್ಲಾಪಿ ಬೇಕಾದ್ರೂ ಕೊಡ್ರಿ, ನಮ್ಮ ಸೋಮಣ್ಣ ಓದಸ್ತಾನ" ಎಂದ ನಾಗಪ್ಪ.

"ಇದನ್ನ ಓದಸ್ರಿ ಮಾಲಕ್ರ" ಎಂದು ಹೊನ್ನವ್ವ ಫ್ಲಾಪಿ ಚಾಚಿದಳು.

ಪರದೆಯ ಮೇಲೆ ಬರೀ ಕಾಗೆಕಾಲು. ಸೋಮಣ್ಣ ಸಿಕ್ಕ ಸಿಕ್ಕ ಕೀ ಒತ್ತಿ ಬೆವತ.

"ಎಂಥಾ ಫೈಲವಾ ಇದು?" ನಾಗಪ್ಪ ಸಿಡುಕಿದ.

"ಶಿವಗಣಾರಾಧನೆ ಕಾರ್ಡ್ರಿ. ಸತ್ತವ್ರ ಕಾರ್ಡಿನ್ಯಾಗ ಪ್ರಸನ್ನ ಅಂತ ಯಾರ ಹಾಕ್ತಾರ್ರಿ? ಪ್ರೋಗ್ರಾಮ್ ಬರದವ್ರಿಗೆ ಇಷ್ಟೂ ಗೊತ್ತಿಲ್ಲೇನು?"

ಅವಳು ಸೋಮಣ್ಣನನ್ನು ಕುರ್ಚಿಯಿಂದ ಎಬ್ಬಿಸಿ ತನ್ನ ಪ್ರೋಗ್ರಾಮ್ ಓಡಿಸಿದಳು. ಅಕ್ಷರಗಳು ಒಂದೊಂದಾಗಿ ಮೂಡಿದವು. ಮುಂದೆ ಕೂತಿದ್ದ ಹಾವೇರಿಯ ಮಾಲಕ ಗುಡ್ಡಪ್ಪ ದೊಡ್ಡ ದನಿಯಲ್ಲಿ ಓದತೊಡಗಿದ: "ರಾಣೆಬೆನ್ನೂರಿನ ಪ್ರೆಸ್ ಮಾಲಕರಾದ ನಾಗಪ್ಪನವರು ಲಿಂಗೈಕ್ಯರಾದ ಪ್ರಯುಕ್ತ..." ಅಷ್ಟಕ್ಕೇ ಗಕ್ಕನೆ ನಿಲ್ಲಿಸಿದ.

ನಾಗಪ್ಪನ ಮುಖ ಬಿಳಿಚಿಕೊಂಡಿತು. ಹೊನ್ನವ್ವನಿಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತಣ್ಣಗಾಯಿತು.

"ನಾ ಇನ್ನೂ ಜೀವಂತ ಅದೀನಲ್ಲವಾ!" ಎಂದ ನಾಗಪ್ಪ, ಅಳುದನಿಯಲ್ಲಿ.

"ಗೊತ್ತೈತ್ರಿ ಮಾಲಕ್ರ," ಹೊನ್ನವ್ವ ಎದ್ದು ನಿಂತಳು. "ಅದಕ್ಕ ತಾರೀಖ ಖಾಲಿ ಬಿಟ್ಟೇನಿ."