ಬಲಗಣ್ಣು ಅಥವಾ ಎಡಗಣ್ಣು

ಮತ್ತೆ ಸೊನ್ನೆ, ಪರದೆಯ ನಟ್ಟನಡುವೆ ದುಂಡಗೆ ಕೂತಿದೆ, ಕೆಳಗೊಂದು ಸಾಲು ಸಣ್ಣಕ್ಷರ, ಓದುವುದೇ ಬೇಡ, ಏನೂ ಸಿಗಲಿಲ್ಲ ಎಂದೇ ಇರುತ್ತದೆ — ಕಣ್ಣಾಸ್ಪತ್ರೆಯ ಈ ಕೋಣೆಯ ಗೋಡೆ ತುಂಬ ಡ್ರಾಯರು, ಡ್ರಾಯರು ತುಂಬ ಯಾರ್ಯಾರೋ ಕೊಟ್ಟುಹೋದ ಕನ್ನಡಕ, ತೀರಿಕೊಂಡವರದು, ಆಪರೇಷನ್ ಆಗಿ ಬೇಡವಾದವರದು, ಇಷ್ಟೆಲ್ಲ ಇಟ್ಟುಕೊಂಡು ಸೊನ್ನೆ ಎಂದರೆ ಹೇಗೆ, ಬಾಗಿಲ ಪಕ್ಕದ ಬೆಂಚಿನಲ್ಲಿ ಆ ಹೆಂಗಸು ಕಾಯುತ್ತಿದ್ದಾಳೆ, ಹೊಲಿಗೆ ಕಾರ್ಖಾನೆಯವಳು, ಒಡೆದ ಕನ್ನಡಕವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದವಳು, ಬಸ್ಸಲ್ಲಿ ಬಿತ್ತು ತಾತ, ಯಾರ ಕಾಲಡಿ ಸಿಕ್ತೋ, ಎರಡೂ ಪುಡಿಪುಡಿ, ಅಂಗಡೀಲಿ ಕೇಳಿದ್ರೆ ಹೊಸದಕ್ಕೆ ಎರಡು ವಾರ ಅಂತಾರೆ, ನಾಳೆ ಬೆಳಿಗ್ಗೆ ನಾನು ಮಿಷನ್ ಮುಂದೆ ಕೂರದಿದ್ರೆ ಅಲ್ಲಿ ಬೇರೆಯವಳನ್ನ ಕೂರಿಸ್ತೀನಿ ಅಂತ ಸೂಪರ್‌ವೈಸರ್ ಹೇಳ್ಬಿಟ್ಟಿದಾನೆ — ಹಾಗೆಂದವಳು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು, ಡಾಕ್ಟರ ಚೀಟಿ ನನ್ನ ಕೈಯಲ್ಲಿ, ಬಲಕ್ಕೆ ಮೈನಸ್ ನಾಲ್ಕು, ಎಡಕ್ಕೆ ಪ್ಲಸ್ ಒಂದೂವರೆ, ಅಬ್ಬಾ, ಒಂದೇ ಮುಖದಲ್ಲಿ ದೂರ ಕಾಣದ ಕಣ್ಣೊಂದು, ಹತ್ತಿರ ಕಾಣದ ಕಣ್ಣೊಂದು, ಅಕ್ಕಪಕ್ಕದಲ್ಲೇ ಇದ್ದುಕೊಂಡು ಮಾತು ಬಿಟ್ಟ ವಾರಗಿತ್ತಿಯರ ಹಾಗೆ, ಆಯಸ್ಸೆಲ್ಲ ಗಾಜು ಉಜ್ಜಿದವನು ನಾನು, ಅಕ್ಷರ ನಿಧಾನ, ಅಂಕಿ ಮಾತ್ರ ಚುರುಕು, ಆದರೂ ಇಂಥ ಜೋಡಿ ನೋಡಿದ್ದು ಅಪರೂಪ, ಇವಳಿಗೆ ದಾರ ಹೇಗೆ ಕಾಣುತ್ತದೋ, ಬಸ್ಸಿನ ಬೋರ್ಡು ಹೇಗೆ ಕಾಣುತ್ತದೋ, ಒಂದೊಂದಕ್ಕೆ ಒಂದೊಂದು ಕಣ್ಣು ಮುಚ್ಚುತ್ತಾಳೋ ಏನೋ, ಕೇಳಬೇಕೆನಿಸುತ್ತದೆ, ಈಗ ಬೇಡ, ಈಗ ಸೊನ್ನೆ.

ಈ ಕಪಾಟನ್ನೆಲ್ಲ ಪರದೆಯೊಳಗೆ ಇಳಿಸಿದ್ದು ಮೊಮ್ಮಗಳು, ಹೊರಗೆ ಹೆಸರು ಬರೆದುಕೊಳ್ಳುವ ಮೇಜಿನವಳು, ಕೋಡು ಗೀಡು ಏನೂ ಬರೀಬೇಕಿಲ್ಲ ತಾತ, ಚೌಕಕ್ಕೆ ಚೌಕ ಜೋಡಿಸೋದಷ್ಟೆ ಎನ್ನುತ್ತ ಜೋಡಿಸಿದ್ದು, ಅವಳು ಫಿಲ್ಟರ್ ಎನ್ನುತ್ತಾಳೆ, ನನಗದು ಜರಡಿ, ಅಮ್ಮ ಹಿಟ್ಟು ಜರಡಿ ಹಿಡಿಯುವಾಗ ಅಂಗೈಯಿಂದ ಬದಿಗೆ ತಟ್ಟುತ್ತಿದ್ದ ಸದ್ದು, ತಪ್ ತಪ್, ಮೇಲುಳಿದದ್ದನ್ನು ಅವಳು ಎಸೆಯುತ್ತಿರಲಿಲ್ಲ, ದೊಡ್ಡ ಕಣ್ಣಿನ ಜರಡಿಗೆ ಸುರಿಯುತ್ತಿದ್ದಳು — ಡಾಕ್ಟರಿಗೆ ಇಷ್ಟೊಂದು ಜರಡಿ ಬೇಡವಾಗಿತ್ತು, ಎರಡು ಬಟನ್ ಸಾಕಮ್ಮ, ಜಾಸ್ತಿ ಕೊಟ್ರೆ ಜನ ತಬ್ಬಿಬ್ಬಾಗ್ತಾರೆ, ಯಾರಿಗೆ ಏನು ಬೇಕಾಗುತ್ತೋ ನಮಗೇನು ಗೊತ್ತು ಡಾಕ್ಟ್ರೇ, ಎಲ್ಲಾ ಇರ್ಲಿ, ಬೇಕಾದ್ದು ಹಾಕ್ಕೊಳ್ಳಲಿ, ಬೇಡದ್ದು ತೆಗೀಲಿ, ಸರಿ, ನಿಮ್ಮ ತಾತ ಏನೋ ಒತ್ತಿ ಎಲ್ಲಾ ಅಳಿಸಿಬಿಟ್ರೆ? ಫಿಲ್ಟರ್ ಏನನ್ನೂ ಅಳಿಸಲ್ಲ ಡಾಕ್ಟ್ರೇ, ಬಚ್ಚಿಡುತ್ತೆ ಅಷ್ಟೆ — ಆ ಮಾತು ನನಗೆ ಧೈರ್ಯ ಕೊಟ್ಟಿತು, ಬಚ್ಚಿಟ್ಟದ್ದು ಎಲ್ಲಿಗೂ ಹೋಗಿರುವುದಿಲ್ಲವಲ್ಲ, ಹಾಗಿದ್ದರೆ ಬೆರಳಿಗೇಕೆ ಭಯ, ಹೆಂಗಸರದು ಎಂಬ ಚೌಕ ತೆಗೆದೆ, ಸೊನ್ನೆ, ಅಳತೆಯ ಚೌಕ ತೆಗೆದೆ, ಸೊನ್ನೆ, ಎಡಗಣ್ಣಿನದು ತೆಗೆದೆ, ಓಹೋ, ಮೈನಸ್ ನಾಲ್ಕಿನವು ಸಾಲಾಗಿ ಇಳಿದುಬಂದವು, ಎಡದ್ದು ಹಾಕಿ ಬಲದ್ದು ತೆಗೆದೆ, ಪ್ಲಸ್ ಒಂದೂವರೆಯವು ಬಂದವು, ಅಂದರೆ ಎರಡೂ ಇವೆ, ಕೂಡಿಸಿ ಕೇಳಿದರೆ ಮಾತ್ರ ಇಲ್ಲ, ಎರಡು ಚೌಕಗಳ ನಡುವೆ ಮತ್ತು ಎಂಬ ಪುಟ್ಟ ಮಾತು, ಇಷ್ಟು ದಿನ ಅದು ಬರೀ ಬರಹ ಎಂದುಕೊಂಡಿದ್ದೆ, ಮುಟ್ಟಿದರೆ ಬಾಯಿ ತೆರೆಯಿತು, ಒಳಗೆ ಇನ್ನೊಂದು ಮಾತು, ಅ-ಥ-ವಾ.

ಒತ್ತಿದೆ, ಎರಡೂ ಬಗೆಯವು ಒಟ್ಟಿಗೆ ಬಂದವು, ಚೌಕ ಫ್ರೇಮಿನದು, ಮೊಟ್ಟೆಯಾಕಾರದ್ದು, ಮಕ್ಕಳದ್ದು, ಒಂದರ ಗಾಜು ಇನ್ನೊಂದಕ್ಕೆ ಕೂರದವು, ನನಗೆ ದುಂಡನೆಯವು ಸಾಕು, ದುಂಡಾದರೆ ಒಂದರದ್ದು ಇನ್ನೊಂದಕ್ಕೆ ಕೂತೀತು, ದುಂಡು ಫ್ರೇಮು ಎಂಬ ಚೌಕ ಸೇರಿಸಿದರೆ ಕಡಿಮೆಯಾಗುವುದು ಬಿಟ್ಟು ಊರಲ್ಲಿರುವ ದುಂಡು ಕನ್ನಡಕವೆಲ್ಲ ನುಗ್ಗಿಬಂತು, ಇದೇನಪ್ಪ ಹೊಸ ಎಡವಟ್ಟು, ಏ ಪುಟ್ಟಿ, ಬಾ ಇಲ್ಲಿ, ಜರಡಿ ಹಿಡಿದಷ್ಟೂ ಹಿಟ್ಟು ಜಾಸ್ತಿಯಾಗ್ತಿದೆ, ಅವಳು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದಳು, ತಾತ, ನೀನು ಅದಕ್ಕೂ ಅಥವಾ ಅಂದುಬಿಟ್ಟಿದೀಯ, ಕಣ್ಣು ಸರಿ ಇರ್ಲಿ, ಇಲ್ಲಾ ದುಂಡಗಿರ್ಲಿ, ಎರಡರಲ್ಲಿ ಒಂದಿದ್ರೆ ಸಾಕು ಅಂದಹಾಗಾಯ್ತು, ಕಣ್ಣೆರಡನ್ನೂ ಒಂದು ಗುಂಪು ಮಾಡು, ನೋಡು ಹೀಗೆ, ಡಬ್ಬಿಯೊಳಗೆ ಡಬ್ಬಿ, ಒಳಗಡೆ ಅಥವಾ, ಹೊರಗಡೆ ಮತ್ತು — ಡಬ್ಬಿಯೊಳಗೆ ಡಬ್ಬಿ! ಮೊದಲು ಬಲ ಅಥವಾ ಎಡ, ಆಮೇಲೆ ದುಂಡು, ನಾಲ್ಕೈದು ಉಳಿದವು, ಅದರಲ್ಲೆರಡು ಒಂದೇ ಅಚ್ಚಿನ ಸ್ಟೀಲ್ ಫ್ರೇಮು, ಅಕ್ಕತಂಗಿಯರಂತೆ, ಒಂದರಲ್ಲಿ ಎರಡೂ ಕಡೆ ಮೈನಸ್ ನಾಲ್ಕು, ಇನ್ನೊಂದರಲ್ಲಿ ಎರಡೂ ಕಡೆ ಪ್ಲಸ್ ಒಂದೂವರೆ, ಅರ್ಥವಾಯ್ತಾ ಪುಟ್ಟಿ ಎಂದೆ, ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು, ಪೆನ್ನು ಕಿವಿಯಿಂದ ಜಾರಿತು, ಅಯ್ಯೋ ತಾತಾ, ನಾನಿದನ್ನ ಜೋಡಿಸುವಾಗ ಹೀಗೂ ಕೇಳ್ತಾರೆ ಅಂತ ಅಂದ್ಕೊಂಡೇ ಇರ್ಲಿಲ್ಲ, ನಾನೂ ಕಣೇ, ನೀನು ಡಬ್ಬಿ ತೋರಿಸೋವರೆಗೂ.

ಮೇಜಿನ ಮೇಲೆ ಎರಡನ್ನೂ ಇಟ್ಟೆ, ಕಡ್ಡಿ ಆಚೆಗೆ, ಮುಖ ನನ್ನ ಕಡೆಗೆ, ಎದುರಿಗೆ ಯಾರೋ ಇಬ್ಬರು ಕೂತ ಹಾಗೆ, ಬೆರಳು ತಾನಾಗಿ ನನ್ನ ಬಲಗಡೆಯ ಗಾಜಿಗೆ ಹೋಯಿತು, ತಡೆದೆ, ನನಗೆ ಕೆಲಸ ಕಲಿಸಿದ ಕನ್ನಡಕದಂಗಡಿಯ ಯಜಮಾನರು ಬೆನ್ನ ಹಿಂದೆಯೇ ನಿಂತಿದ್ದಾರೆ, ನಿನ್ನ ಬಲ ಅಲ್ಲ ಕಣೋ, ಹಾಕ್ಕೊಳ್ಳೋರ ಬಲ, ಅವರು ಹೋಗಿ ಎಷ್ಟು ಕಾಲವಾಯಿತು, ಗಾಜಿಗೆ ಕೈಯಿಟ್ಟಾಗಲೆಲ್ಲ ಬರುತ್ತಾರೆ, ಸಾಣೆಚಕ್ರದ ಮೇಲೆ ನೀರು ತೊಟ್ಟಿಕ್ಕುವ ವಾಸನೆಯ ಜೊತೆಗೇ, ಕಿರಿದಾದ ಸ್ಕ್ರೂ ಸಡಿಲಿಸಿ ಒಂದರ ಬಲಗಾಜು ಬಿಡಿಸಿದೆ, ಇನ್ನೊಂದರ ಬಲಗಾಜು ಬಿಡಿಸಿದೆ, ಅದಲುಬದಲು, ಟಕ್ ಎಂದು ಕೂತವು, ಬಲಕ್ಕೆ ಮೈನಸ್ ನಾಲ್ಕಾದದ್ದನ್ನು ಒರೆಸಿ ಬೆಂಚಿನ ಹೆಂಗಸಿನ ಕೈಗೆ ಕೊಟ್ಟೆ, ಹಾಕಿಕೊಂಡಳು, ಒಂದು ಗಾಜಿನ ಹಿಂದೆ ಕಣ್ಣು ಸಣ್ಣದು, ಇನ್ನೊಂದರ ಹಿಂದೆ ದೊಡ್ಡದು, ಗೋಡೆ ನೋಡಿದಳು, ಅಂಗೈ ನೋಡಿದಳು, ಸೀರೆಯ ಅಂಚನ್ನು ಮಡಚಿ ಹೊಲಿಗೆಯ ಮೇಲೆ ಉಗುರು ಓಡಿಸಿದಳು, ಸರಿಹೋಗಲಿಲ್ಲವೇನೋ, ಆಮೇಲೆ ನೇರ ನನ್ನನ್ನೇ ನೋಡಿದಳು, ತಾತ, ನಿಮ್ಮ ಕಾಲರ್ ಹೊಲಿಗೆ ಬಿಟ್ಟಿದೆ, ಮನೇಲಿ ಯಾರೂ ಹೇಳ್ಲಿಲ್ವಾ? ಮೊಮ್ಮಗಳು ಕಿಸಕ್ಕೆಂದಳು, ನಮ್ಮನೇಲಿ ಕಣ್ಣು ಕಾಣೋರು ಯಾರಿದಾರೆ ಅಕ್ಕ, ನಾಳೆ ಮಿಷನ್ ಮುಂದೆ ಕೂತಾಗ ಒಂದು ಹೊಲಿಗೆ ಇವರಿಗೂ ಹಾಕಿಬಿಡಿ, ಹಾಕ್ತೀನಿ, ಕೂತೇ ಕೂರ್ತೀನಿ, ಶರ್ಟ್ ಕಳಿಸಿಕೊಡಿ ಎಂದಳು, ಹೋಗುವಾಗ ಹೊಸಿಲನ್ನು ತಡವದೆ ದಾಟಿದಳು.

ತಾತ, ಉಳಿದ ಇನ್ನೊಂದು ಕನ್ನಡಕಾನ ಏನಂತ ಬರ್ಕೊಳ್ಳಲಿ, ಹೊಸ ಸಾಲು ಹಾಕ್ಲಾ, ಹಾಕು, ಬಲಕ್ಕೆ ಪ್ಲಸ್ ಒಂದೂವರೆ, ಎಡಕ್ಕೆ ಮೈನಸ್ ನಾಲ್ಕು, ಅಯ್ಯೋ, ಅವಳದ್ದೇ ಉಲ್ಟಾ, ಇಂಥ ಕಣ್ಣು ಯಾರಿಗಿರುತ್ತೆ ತಾತ — ಯಾರಿಗೋ ಇರುತ್ತದೆ, ಇಲ್ಲದೆ ಹೋಗುತ್ತದೆಯೇ, ಅವಳಿಗಿದ್ದ ಮೇಲೆ ಅವಳಿಗೆ ಉಲ್ಟಾ ಆದವರೂ ಎಲ್ಲೋ ಒಬ್ಬರಿರಬೇಕು, ಗಡಿಯಾರ ರಿಪೇರಿಯವನೋ, ಲಾರಿ ಓಡಿಸುವವನೋ, ಇವಳು ಮುಚ್ಚುವ ಕಣ್ಣನ್ನು ತೆರೆದು, ತೆರೆಯುವ ಕಣ್ಣನ್ನು ಮುಚ್ಚಿ ಈಗ ಯಾವುದೋ ಬೋರ್ಡು ಓದುತ್ತಿರಬಹುದು, ಬಂದಾನು, ಬಾರದೆಯೂ ಇರಬಹುದು, ಎದುರಾದರೆ ಇವರಿಬ್ಬರೂ ಕನ್ನಡಿ ನೋಡಿಕೊಂಡ ಹಾಗಿರುತ್ತದೆ, ಯಾರಿರಬಹುದು, ಯಾರು — ಮೇಜಿನ ಮೇಲೆ ಆ ಕನ್ನಡಕ, ಕಡ್ಡಿ ಆಚೆಗೆ, ಮುಖ ನನ್ನ ಕಡೆಗೆ, ಒಂದು ಗಾಜಿನೊಳಗೆ ಮರದ ಗೆರೆ ಸಣ್ಣದು, ಇನ್ನೊಂದರೊಳಗೆ ದೊಡ್ಡದು, ನೋಡುತ್ತಿದೆ,