ಪುಸ್ತಕದಲ್ಲಿಲ್ಲದ ಉದಾಹರಣೆ

"ಪ್ರೋಟಾನ್ ಕೊಟ್ಟಿದ್ದು ಆಮ್ಲ, ಇಸ್ಕೊಂಡಿದ್ದು ಪ್ರತ್ಯಾಮ್ಲ. ಅಲ್ಲಿಗೆ ಕಥೆ ಮುಗೀತು ಅಂದ್ಕೋಬೇಡ," ಎಂದು ಮೇಡಂ ಸೀಮೆಸುಣ್ಣವನ್ನು ಹುಡುಗಿಯ ಕೈಗಿತ್ತರು. "ಕೊಟ್ಟಮೇಲೆ ಏನೋ ಒಂದು ಉಳೀತಲ್ಲ, ಅದರ ಗತಿ ಏನು?"

"ಅದು ವಾಪಸ್ ಇಸ್ಕೊಳ್ಳೋಕೆ ಕಾಯ್ತಿರತ್ತೆ. ಅಂದ್ರೆ ಈಗ ಅದೇ ಪ್ರತ್ಯಾಮ್ಲ," ಎಂದಳು ಹುಡುಗಿ. ತಿರುಗಿ ಬೋರ್ಡಿನ ಮೇಲೆ 'ಸಂಯುಗ್ಮಿ ಜೋಡಿ' ಎಂದು ಬರೆದು ಕೆಳಗೊಂದು ಗೆರೆ ಎಳೆದಳು.

ಮನೆಯ ಮುಂದಿನ ಕೋಣೆಯೇ ಟ್ಯೂಷನ್ ಕೋಣೆ. ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಬೋರ್ಡು, ಕಾಲು ಅಲ್ಲಾಡುವ ಬೆಂಚುಗಳು, ಕಿಟಕಿಯಲ್ಲಿ ಒಣಗಲು ಬೋರಲು ಹಾಕಿದ ಗಾಜಿನ ಲೋಟಗಳು. ಉಳಿದ ಮಕ್ಕಳು ಚೀಲ ಏರಿಸಿಕೊಂಡು ಹೋಗಿಯಾಗಿತ್ತು. ಈ ಹುಡುಗಿ ಮಾತ್ರ ದಿನವೂ ಏನಾದರೊಂದು ಪ್ರಶ್ನೆ ನೆವ ಮಾಡಿಕೊಂಡು ಹಿಂದೆ ಉಳಿಯುತ್ತಿದ್ದಳು. ಒಂದು ಹೇಳಿದರೆ ಮೂರು ಗ್ರಹಿಸುವ ಬುದ್ಧಿ. ಪಾಠ ಹೇಳುವವರಿಗೆ ಇಂಥ ಮಕ್ಕಳು ಸಿಗುವುದು ಅಪರೂಪ, ಸಿಕ್ಕರೆ ಹೊಟ್ಟೆ ತಣ್ಣಗಾಗುತ್ತದೆ. ಮೇಡಂ ಹೊಟ್ಟೆ ತಣ್ಣಗಾಗಿರಲಿಲ್ಲ. ಹುಡುಗಿ ಚರ್ಮ ಹದಮಾಡುವ ಕಾರ್ಖಾನೆಯ ಸಾಹುಕಾರನ ಒಬ್ಬಳೇ ಮಗಳು. ಮೇಡಂ ಅವರ ತಮ್ಮ ಸತ್ತದ್ದು ಅದೇ ಕಾರ್ಖಾನೆಯ ಗುಂಡಿಯಲ್ಲಿ.

ತಾಯಿ ತೀರಿಕೊಂಡಾಗ ತಮ್ಮ ಇನ್ನೂ ತೊದಲುತ್ತಿದ್ದ. ಎತ್ತಿ ಆಡಿಸಿದ್ದು, ಜ್ವರ ಬಂದರೆ ತಲೆದೆಸೆಯಲ್ಲಿ ಕೂತಿದ್ದು, ಬೈದು ಶಾಲೆಗೆ ಕಳಿಸಿದ್ದು ಎಲ್ಲ ಅಕ್ಕನೇ. ಓದು ಅವನ ತಲೆಗೆ ಹತ್ತಲಿಲ್ಲ, ಮೈ ಮಾತ್ರ ಬಾಗಿಲ ಚೌಕಟ್ಟಿಗೆ ಹಣೆ ಬಡಿಯುವಷ್ಟು ಬೆಳೆಯಿತು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವನು ಉದ್ದಣ್ಣ. ಕೆಲಸ ಮುಗಿಸಿ ಬಂದು ಮೈಗಂಟಿದ ನಾತ ಹೋಗುವ ತನಕ ಹಿತ್ತಲಲ್ಲಿ ಉಜ್ಜಿ ಉಜ್ಜಿ ಸ್ನಾನ ಮಾಡುತ್ತಿದ್ದ. ಆಮೇಲೆ ಅಕ್ಕ ತಟ್ಟೆಯ ಮುಂದೆ ಕೂರದೆ ತಾನು ಕೂರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಕಟ್ಟಿಕೊಂಡ ಚರಂಡಿ ಗುಂಡಿಯನ್ನು ಬಿಡಿಸಲು ಇಳಿದವನು ಜೀವಂತ ಮೇಲೆ ಬರಲಿಲ್ಲ. ಕುಡಿದು ಬಿದ್ದ ಎಂದ ಸಾಹುಕಾರ. ಎಲ್ಲಿಂದಲೋ ಬಂದ ಬಾಟಲಿಯೊಂದು ಹೆಣದ ಪಕ್ಕದಲ್ಲಿ ಸಾಕ್ಷಿಯ ಹಾಗೆ ನಿಂತಿತ್ತು. ಕೆಮ್ಮಿನ ಔಷಧಿಗೂ ಮುಖ ಸಿಂಡರಿಸುತ್ತಿದ್ದವನು, ಕುಡಿದನಂತೆ. ತನ್ನ ಎದೆಮಟ್ಟಕ್ಕೂ ಬಾರದ ಗುಂಡಿಯಲ್ಲಿ ಬಿದ್ದು ಏಳಲಾಗದೆ ಸತ್ತನಂತೆ. ಮೇಡಂ ನೋಡಿದ್ದು ಅವನ ಬೆರಳನ್ನು. ಬೆಳ್ಳಿಯ ಉಂಗುರ ಇದ್ದಿಲಿನಂತೆ ಕಪ್ಪಗಾಗಿತ್ತು. ಬೆಳ್ಳಿಯನ್ನು ಹಾಗೆ ಕಪ್ಪಾಗಿಸುವ ಯಾವ ವಿಷಗಾಳಿ ಗುಂಡಿಯಲ್ಲಿ ತುಂಬಿತ್ತೆಂದು ಕೆಮಿಸ್ಟ್ರಿ ಕಲಿಸುವವರಿಗೆ ಆ ಕ್ಷಣವೇ ತಿಳಿಯಿತು. ತಿಳಿದು ಏನು ಬಂತು? ಪೊಲೀಸಿನವನು ಆಕಳಿಸುತ್ತ ಕೇಳಿಸಿಕೊಂಡು, ಸತ್ತವರ ಉಂಗುರ ಕಪ್ಪಾಗುವುದೂ ಒಂದು ವಿಷಯವೇ ಎಂದ. ಕಾರ್ಖಾನೆಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಅನ್ನ ಅಲ್ಲಿಂದಲೇ ಬರಬೇಕಾಗಿತ್ತು. ಮೇಡಂ ಕಿಚ್ಚನ್ನು ಒಳಗೇ ಇಟ್ಟುಕೊಂಡು ಕಾಲೇಜಿಗೆ ಹೋದರು, ಪಾಠ ಮಾಡಿದರು. ಒಬ್ಬರೇ ತಟ್ಟೆಯ ಮುಂದೆ ಕೂತು ಅರ್ಧಕ್ಕೇ ಏಳುತ್ತ ಬಂದರು.

ಹೋದ ವರ್ಷ ಸಾಹುಕಾರ ತಾನೇ ಮನೆಗೆ ಬಂದ, ಮಗಳನ್ನು ಕರೆದುಕೊಂಡು. ಹುಡುಗಿ ಅಲ್ಲಿಯವರೆಗೆ ಅಜ್ಜಿಯ ಮನೆಯಲ್ಲಿದ್ದು ಓದಿದವಳು, ಅವಳಿಗೆ ಇದೊಂದೂ ಗೊತ್ತಿರಲಿಲ್ಲ. ಅವಳನ್ನು ಹೊರಗೆ ನಿಲ್ಲಿಸಿ ಅವನು ಒಳಗೆ ಬಂದು, ದನಿ ತಗ್ಗಿಸಿದ.

"ಆಗಿದ್ದು ಆಗಿಹೋಯ್ತು ಮೇಡಂ. ಅದನ್ನೇ ಹಿಡ್ಕೊಂಡು ಕೂತ್ರೆ ಜೀವನ ಸಾಗತ್ತಾ? ಮಗಳು ಕೆಮಿಸ್ಟ್ರೀನೇ ಓದ್ಬೇಕು ಅಂತಿದಾಳೆ. ನಿಮ್ಮಷ್ಟು ಚೆನ್ನಾಗಿ ಹೇಳಿಕೊಡೋರು ಇನ್ಯಾರೂ ಇಲ್ವಂತೆ."

ಗಾಯದ ಮೇಲೆ ಕಾಲಿಟ್ಟು ನಿಂತು ದಾರಿ ಕೇಳುವ ಹಾಗಿತ್ತು ಅವನ ಮಾತು. ಹೊರಗೆ ನಡೀರಿ ಎನ್ನಬೇಕೆಂದು ಮೇಡಂ ಎದ್ದರು. ಅಷ್ಟರಲ್ಲಿ ಅವನು ಮಗಳನ್ನು ಒಳಗೆ ಕರೆದ. ಅವಳು ಕೂರುವ ಮುಂಚೆ ಜೇಬಿನಿಂದ ಕರ್ಚೀಫು ತೆಗೆದು ಬೆಂಚಿನ ಧೂಳು ಒರೆಸಿದ. ಹತ್ತಾರು ಜನರನ್ನು ಕಣ್ಸನ್ನೆಯಲ್ಲಿ ಓಡಾಡಿಸುವ ಮನುಷ್ಯ ಬಗ್ಗಿ ಬೆಂಚು ಒರೆಸುವುದನ್ನು ಮೇಡಂ ನೋಡಿದರು. ಅವನ ಜೀವ ಎಲ್ಲಿದೆಯೆಂದು ಗೊತ್ತಾಯಿತು.

"ನಾಳೆಯಿಂದ ಕಳಿಸಿ," ಎಂದರು.

ಅಂದಿನಿಂದ ಅವಸರ ಮಾಡಲಿಲ್ಲ. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ? ನಿಮ್ಮಪ್ಪ ಕೊಲೆಗಾರ ಎಂದು ತಾವು ಹೇಳಿದರೆ ಹುಡುಗಿ ಅಳುತ್ತಾಳೆ, ಅಪ್ಪನ ಹತ್ತಿರ ಓಡುತ್ತಾಳೆ, ಅವನು ಕಣ್ಣೊರೆಸಿ ಸುಳ್ಳು ಹೇಳಿ ನಂಬಿಸುತ್ತಾನೆ. ಅವಳೇ ಕಂಡುಕೊಳ್ಳಬೇಕು. ತಾನೇ ಬಿಡಿಸಿದ ಲೆಕ್ಕವನ್ನು ಯಾವ ಅಪ್ಪ ಅಳಿಸಬಲ್ಲ? ಹಾಗಾಗಿ ಮೇಡಂ ಮೊದಲು ಅವಳಿಗೆ ಲೆಕ್ಕ ಬಿಡಿಸುವ ರುಚಿ ಹತ್ತಿಸಿದರು. ಉತ್ತರ ಕೊಡದೆ ಕಾಯುವುದು, ತಪ್ಪಿದರೂ ಗದರದಿರುವುದು, ಸರಿಯಾದಾಗ ಸಣ್ಣಗೆ ತಲೆದೂಗುವುದು. ಆ ತಲೆದೂಗಿಗಾಗಿ ಹುಡುಗಿ ಎಷ್ಟು ಬೇಕಾದರೂ ತಲೆ ಕೆಡಿಸಿಕೊಳ್ಳುತ್ತಿದ್ದಳು.

ಈಗ ಅವಳು ಬೋರ್ಡಿನ ಮುಂದೆ ನಿಂತು ಕೇಳುತ್ತಿದ್ದಳು: ಎಲ್ಲ ಜೋಡಿಗಳೂ ಒಂದೇ ಥರ ಇಸಿದುಕೊಳ್ಳುತ್ತವೆಯೇ?

ಇಲ್ಲ ಎಂದರು ಮೇಡಂ. ಬಲವಾದ ಆಮ್ಲ ಪ್ರೋಟಾನನ್ನು ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ಉಳಿದ ಜೋಡಿಗೆ ವಾಪಸು ಬೇಕೆಂಬ ಆಸೆಯೇ ಇಲ್ಲ. ದುರ್ಬಲ ಆಮ್ಲದ್ದು ಹಾಗಲ್ಲ. ಅದರ ಜೋಡಿ ಕಾದುಕೊಂಡೇ ಇರುತ್ತದೆ. ಪ್ರೋಟಾನ್ ಸಿಕ್ಕಿತೋ, ಗಪ್ಪನೆ ಹಿಡಿದು ಮತ್ತೆ ಹಳೆಯ ಆಮ್ಲವೇ ಆಗಿಬಿಡುತ್ತದೆ. ಪುಸ್ತಕದಲ್ಲಿದ್ದ ಉದಾಹರಣೆಗಳನ್ನೆಲ್ಲ ಹುಡುಗಿ ಸಲೀಸಾಗಿ ಬಿಡಿಸಿದಳು.

"ಇನ್ನೊಂದು ಕೊಡ್ತೀನಿ. ಸೋಡಿಯಂ ಸಲ್ಫೈಡ್," ಎಂದರು ಮೇಡಂ.

"ಅದು ನಮ್ಮ ಫ್ಯಾಕ್ಟ್ರೀಲೇ ಇದೆ. ತೊಗಲಿನ ಕೂದಲು ಉದುರಿಸೋಕೆ ಹಾಕ್ತಾರೆ," ಎಂದು ಹುಡುಗಿ ಹಿಗ್ಗಿದಳು. ಬರೆಯತೊಡಗಿದಳು. ನೀರಿನಲ್ಲಿ ಕರಗಿದ ಸಲ್ಫೈಡು ಪ್ರತ್ಯಾಮ್ಲ, ಅದಕ್ಕೆ ಆಸಿಡ್ಡು ಸೇರಿದರೆ ಒಂದಾದ ಮೇಲೊಂದು ಎರಡು ಪ್ರೋಟಾನನ್ನು ಹಿಡಿಯುತ್ತದೆ, ಕೊನೆಗೆ ಹುಟ್ಟುವ ಆಮ್ಲ ಹೈಡ್ರೋಜನ್ ಸಲ್ಫೈಡ್. "ಕೊಳೆತ ಮೊಟ್ಟೆ ವಾಸನೆಯ ಅನಿಲ, ಅಲ್ವಾ ಮೇಡಂ?"

"ಮೊದಲು ವಾಸನೆ ಬರತ್ತೆ. ಜಾಸ್ತಿ ಆದ್ರೆ ಮೂಗೇ ಸತ್ತುಹೋಗತ್ತೆ. ವಾಸನೆ ಹೋಯ್ತಲ್ಲ, ಇನ್ನೇನೂ ಇಲ್ಲ ಅಂತ ಮನುಷ್ಯ ಅಂದ್ಕೊಳ್ತಾನೆ. ಆಮೇಲೆ ಹೆಚ್ಚು ಹೊತ್ತು ಇರಲ್ಲ."

ಹುಡುಗಿಯ ಕೈ ಬೋರ್ಡಿನ ಮೇಲೆ ನಿಂತಿತು. ಮೇಡಂ ಕಾದರು, ಯಾವಾಗಲೂ ಕಾಯುವ ಹಾಗೆ.

"ಆಸಿಡ್ ತೊಟ್ಟೀನೂ ಇದೆ ನಮ್ಮಲ್ಲಿ," ಎಂದಳು ಅವಳು ನಿಧಾನವಾಗಿ. "ಎರಡರ ನೀರೂ ಒಂದೇ ಚರಂಡಿಗೆ ಹೋಗತ್ತಾ?"

"ನನಗೇನು ಗೊತ್ತು? ಫ್ಯಾಕ್ಟ್ರಿ ನಿಮ್ಮದು."

ಮುಂದಿನದನ್ನು ಮೇಡಂ ಅವರಿವರ ಬಾಯಿಂದ ಕೇಳಿ ತಿಳಿದರು. ರಜೆಯ ದಿನ ಹುಡುಗಿ ಕಾರ್ಖಾನೆಗೆ ಹೋಗಿದ್ದಳು. ಹಳೆಯ ಮೇಸ್ತ್ರಿ ಮೊದಲು ಹಾರಿಕೆಯ ಮಾತಾಡಿದ. ಅವಳು ತಾನೇ ಗುಂಡಿಯ ಮೇಲಿನ ಕಲ್ಲುಚಪ್ಪಡಿಗೆ ಕೈ ಹಾಕಿದಾಗ ತಡೆಯಲಾರದೆ ಎಲ್ಲ ಹೇಳಿದ. ಎರಡು ಬೇರೆ ಬೇರೆ ಚರಂಡಿ ಇದ್ದವು, ಜಾಗ ಉಳಿಸಲು ಸಾಹುಕಾರ ಒಂದನ್ನು ಮುಚ್ಚಿಸಿದ. ಬೇಡ ಧಣಿ ಎಂದಿದ್ದೆ, ಕೇಳಲಿಲ್ಲ. ಉದ್ದಣ್ಣ ಬಿದ್ದಮೇಲೆ ಬಾಟಲಿ ತಂದಿಟ್ಟದ್ದು ಈ ಕೈಯೇ. ಅಷ್ಟು ಹೇಳಿ ಮೇಸ್ತ್ರಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟನಂತೆ.

ಮನೆಯಲ್ಲಿ ತೊಗಲಿನ ವ್ಯಾಪಾರಿಗಳು ಊಟಕ್ಕೆ ಕೂತಿದ್ದರು. ಅವರ ಎದುರೇ ಹುಡುಗಿ ಅಪ್ಪನನ್ನು ಕೇಳಿದಳು. ಅವನು ಮೊದಲು ನಕ್ಕ. ಆಮೇಲೆ, ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದ. ಯಾರೂ ಹೇಳಿಕೊಡಲಿಲ್ಲ, ನಾನೇ ಲೆಕ್ಕ ಹಾಕಿದೆ ಎಂದಳು. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಎತ್ತದವನು ಅಂದು ಎತ್ತಿದ. ಕೆನ್ನೆಯ ಮೇಲೆ ಬೆರಳ ಗುರುತಿರುವಾಗಲೇ ಅವಳು ಕಾರ್ಖಾನೆಗಳ ಇನ್‌ಸ್ಪೆಕ್ಟರ ಮನೆಗೆ ನಡೆದುಹೋದಳು. ಸ್ವಂತ ಮಗಳೇ ಬಂದು ಹೇಳಿದ ಮೇಲೆ ಆಕಳಿಸಿ ಕೂರುವ ಹಾಗಿರಲಿಲ್ಲ. ಚಪ್ಪಡಿ ಎತ್ತಿಸಿದರು. ಎರಡು ಕೊಳವೆಗಳು ಈಗಲೂ ಒಂದೇ ಗುಂಡಿಗೆ ಬಾಯಿಬಿಟ್ಟುಕೊಂಡಿದ್ದವು. ಮೇಸ್ತ್ರಿ ಬಾಯಿಬಿಟ್ಟ, ಅವನ ಹಿಂದೆ ಉಳಿದವರೂ ಬಿಟ್ಟರು. ಕಾರ್ಖಾನೆಗೆ ಬೀಗ ಬಿತ್ತು. ಸಾಹುಕಾರ ಜೈಲು ಕಂಡು, ಜಾಮೀನಿನ ಮೇಲೆ ಹೊರಗೆ ಬಂದ. ಹುಡುಗಿ ಅಷ್ಟರಲ್ಲಿ ಕಾಲೇಜಿನ ಹಾಸ್ಟೆಲು ಸೇರಿದ್ದಳು.

ಒಂದು ಮಧ್ಯಾಹ್ನ ಅವನು ಮೇಡಂ ಮನೆಯ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ. ಮೇಡಂ ಕೂರಿ ಎನ್ನಲಿಲ್ಲ.

"ನನ್ನ ಮೇಲೆ ಸೇಡು ತೀರಿಸ್ಕೋಬೇಕಿತ್ತು, ತೀರಿಸ್ಕೊಳ್ಳಿ. ಮಗೂನ ಯಾಕೆ ಎತ್ತಿಕಟ್ಟಿದ್ರಿ?" ಎಂದ.

"ನಾನು ಪಾಠ ಮಾಡಿದೆ. ಅದಕ್ಕೇ ಅಲ್ವಾ ಕಳಿಸಿದ್ದು?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಕೇಸು ಏನಾದರೂ ಆಗಲಿ, ಕಾರ್ಖಾನೆ ಹಾಳಾಗಿ ಹೋಗಲಿ, ಅವಳಿಗೆ ನೀವೊಂದು ಮಾತು ಹೇಳಿ ಎಂದು ಅಂಗಲಾಚಿದ. ಹಾಸ್ಟೆಲಿನ ಗೇಟಿನ ಹತ್ತಿರ ಎಷ್ಟು ಹೊತ್ತು ನಿಂತರೂ ಹೊರಗೆ ಬರುವುದಿಲ್ಲವಂತೆ. "ನನ್ನ ಜೊತೆ ಮಾತೇ ಆಡ್ತಿಲ್ಲ ಮೇಡಂ ಅವಳು."

"ನನ್ನ ತಮ್ಮನೂ ಆಡ್ತಿಲ್ಲ," ಎಂದರು ಮೇಡಂ.

ಅವನು ಮೆಟ್ಟಿಲಿಳಿದು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿದರು. ಉಪ್ಪು ತಿಂದವನು ನೀರು ಕುಡಿಯುತ್ತಿದ್ದ. ಎಷ್ಟೋ ದಿನಗಳ ಮೇಲೆ ಮೇಡಂಗೆ ಹಸಿವಾಯಿತು. ಬಡಿಸಿಕೊಂಡು, ಮತ್ತೊಮ್ಮೆ ಬಡಿಸಿಕೊಂಡು ಉಂಡರು.

ಹುಡುಗಿ ಬಂದದ್ದು ಮರುವಾರ, ಟ್ಯೂಷನ್ನಿನ ಮಕ್ಕಳು ಹೋದಮೇಲೆ. ಇಳಿದುಹೋಗಿದ್ದಳು. ಬೋರ್ಡಿನ ಕಡೆ ನೋಡಲಿಲ್ಲ. ಬೆಂಚಿನ ತುದಿಯಲ್ಲಿ, ಈಗಲೋ ಆಗಲೋ ಏಳುವವಳ ಹಾಗೆ ಕೂತಳು.

"ಉದ್ದಣ್ಣ ನಿಮ್ಮ ತಮ್ಮ ಅಂತೆ. ಮೇಸ್ತ್ರಿ ಹೇಳಿದ."

ಮೇಡಂ ಹೌದೆಂದರು.

"ಆ ಉದಾಹರಣೆ ಪುಸ್ತಕದಲ್ಲಿಲ್ಲ. ಲೈಬ್ರರೀಲಿರೋ ಎಲ್ಲ ಪುಸ್ತಕ ತೆಗೆದು ನೋಡಿದೆ. ಯಾವುದರಲ್ಲೂ ಆ ಪಾಠದಲ್ಲಿ ಅದು ಬರಲ್ಲ." ಹುಡುಗಿ ಉಗುರಿನಿಂದ ಬೆಂಚಿನ ಮರ ಕೆರೆಯುತ್ತಿದ್ದಳು. "ಮೊದಲನೇ ದಿನದಿಂದ್ಲೂ ಅದಕ್ಕೇನಾ ನನಗೆ ಹೇಳಿಕೊಟ್ಟಿದ್ದು?"

ಸುಳ್ಳು ಹೇಳಬಹುದಾಗಿತ್ತು. ಮೇಡಂ ಹೇಳಲಿಲ್ಲ. "ಅದಕ್ಕೇ," ಎಂದರು.

"ನಾನು ಚೆನ್ನಾಗಿ ಯೋಚನೆ ಮಾಡ್ತೀನಿ ಅಂತಿದ್ರಲ್ಲ, ಅದು?"

"ಅದು ನಿಜ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಹುಡುಗಿ ಎದ್ದು ನಿಂತಳು.

"ನೀವು ನೇರವಾಗಿ ಹೇಳಿದ್ರೂ ನಾನು ಹೋಗ್ತಿದ್ದೆ ಮೇಡಂ. ಚಪ್ಪಡಿ ಎತ್ತಿಸ್ತಿದ್ದೆ. ಇದೆಲ್ಲಾನೂ ಮಾಡ್ತಿದ್ದೆ."

ಇವಳು ಹೀಗೆ ಹೇಳಬಹುದೆಂದು ಮೇಡಂ ಲೆಕ್ಕ ಹಾಕಿರಲಿಲ್ಲ. ಅವಳ ಹಿಂದೆಯೇ ಮೆಟ್ಟಿಲವರೆಗೆ ಬಂದರು. ಹುಡುಗಿ ಒಂಟಿಕಾಲಲ್ಲಿ ನಿಂತು ಚಪ್ಪಲಿಯ ಬಾರು ಹಾಕಿಕೊಳ್ಳುತ್ತಿದ್ದಳು. ಬಾರು ಬಿಗಿಯಾಗಿತ್ತು, ಕೂರುತ್ತಿರಲಿಲ್ಲ. ಮೈ ಓಲಾಡಿತು. ಮೇಡಂ ಅರಿವಿಲ್ಲದೆ ಒಂದು ಹೆಜ್ಜೆ ಹತ್ತಿರ ಸರಿದು ಭುಜ ಕೊಟ್ಟು ನಿಂತರು. ಹುಡುಗಿ ಕೈ ಚಾಚಿ ಆಚೆಗಿದ್ದ ಗೋಡೆಯನ್ನು ಹಿಡಿದುಕೊಂಡಳು. ಬಾರು ಹಾಕಿಕೊಂಡು, ಇನ್ನೊಂದು ಕಾಲನ್ನೂ ಹಾಗೇ ಗೋಡೆ ಹಿಡಿದು ಚಪ್ಪಲಿಗೆ ತೂರಿಸಿ, ಬೀದಿಗೆ ಇಳಿದಳು.